ವಾಡೆಯ ಮುಂದೆ ಪುತಳಿ

ಅವ್ವನ ಕೊರಳ ದಾರದಲ್ಲಿ ಎರಡು ಬಂಗಾರದ ನಾಣ್ಯಗಳಿದ್ದವು. ಒಂದು ವಿಜಯನಗರದ ಅರಸರ ವರಹ. ಇನ್ನೊಂದು ವೆನಿಸ್ಸಿನ ವರ್ತಕರೊಡನೆ ಕಡಲು ದಾಟಿ ಬಂದದ್ದು. ಅದರ ಮೇಲೆ ಅಚ್ಚಾದ ಬೊಂಬೆಯಂಥ ಎರಡು ಆಕೃತಿಗಳಿಂದಾಗಿ ನಮ್ಮ ಕಡೆ ಅದಕ್ಕೆ ಪುತಳಿ ಎನ್ನುತ್ತಾರೆ. ಎರಡೂ ಅಜ್ಜಿಯ ಗಳಿಕೆ. ಯರಗಟ್ಟಿಯ ಆಚೆಗಿನ ನಮ್ಮೂರಿನ ಒಡೆಯರ ದೊಡ್ಡ ಮನೆಯಾದ ವಾಡೆಯಲ್ಲಿ ಹುಟ್ಟಿದ ಕೂಸುಗಳನ್ನು ಮೊದಲು ಮುಟ್ಟಿದ್ದು ಸೂಲಗಿತ್ತಿಯಾದ ಆಕೆಯ ಕೈ. ಕೂಲಿ ಕೊಡುವಾಗ ಅದೇ ಕೈ ಮೈಲಿಗೆಯಾಯಿತು. ಅಂಗಳದಲ್ಲಿ ಸೆರಗೊಡ್ಡಿ ನಿಂತವಳಿಗೆ ಜಗಲಿಯಿಂದ ನಾಣ್ಯ ಎಸೆದರು. ವಾಡೆಯ ಮುಂದೆ ಹಾಯುವಾಗ ಕೊರಳ ಬಂಗಾರ ಕಾಣಬಾರದೆಂದು ಕಟ್ಟಳೆಯನ್ನೂ ವಿಧಿಸಿದರು. ಊರು ಇದನ್ನು ಔದಾರ್ಯ ಎನ್ನುತ್ತದೆ. ನಾನು ಅಸ್ಪೃಶ್ಯತೆ ಎನ್ನುತ್ತೇನೆ.

ವಾಡೆಯವರು ಬೆಳಗಾವಿ ಸೇರಿ ಬಾಗಿಲಿಗೆ ಕೀಲಿ ಬಿದ್ದ ಮೇಲೂ ಅವ್ವ ಅಲ್ಲಿ ನಾಣ್ಯಗಳನ್ನು ಸೆರಗಿನೊಳಗೆ ತಳ್ಳಿಯೇ ಮುಂದೆ ಹೋಗುತ್ತಿದ್ದಳು. ಬರಿಯ ಬಾಗಿಲಿಗೆ ಅಂಜುವುದೇಕೆಂದು ನಾನು ಎಷ್ಟು ವಾದಿಸಿದರೂ ಅವಳ ಕೈ ಕೇಳುತ್ತಿರಲಿಲ್ಲ.

ಹೋದ ವರ್ಷ ನನ್ನ ತಂಗಿಯ ಮಗಳ ಮದುವೆಗೆ ಅವನ್ನು ಕೊಡಲು ನಿಶ್ಚಯಿಸಿ, ಹೊಸ ದಾರಕ್ಕೆ ಪೋಣಿಸಿಕೊಂಡು ಬರಲು ಯರಗಟ್ಟಿಗೆ ಹೋದೆವು. ಅಕ್ಕಸಾಲಿ ಪತ್ತಾರನು ಪುತಳಿಯನ್ನು ತಿರುವಿ ನೋಡಿ, ಇಂಥದ್ದು ನಿಮ್ಮ ಕೈಗೆ ಹೇಗೆ ಬಂತೆಂದು ಕೇಳಿದ. ಕರಗಿಸಿಬಿಟ್ಟರೆ ಯಾರೂ ಕೇಳುವುದಿಲ್ಲ ಎಂದೂ ಸೇರಿಸಿದ. ನಮ್ಮ ಕೊರಳಲ್ಲಿ ಹಳೆಯ ಬಂಗಾರ ಕಂಡೊಡನೆ ಕಳವು ನೆನಪಾಗುವುದೂ ಜಾತಿಯೇ ಎಂದು ನಾನು ಹೇಳುವಷ್ಟರಲ್ಲಿ ಅವ್ವ ನಾಣ್ಯ ಎತ್ತಿಕೊಂಡಿದ್ದಳು.

"ನಮ್ಮವ್ವ ದುಡದದ್ದರಿ ಇದು. ಕರಗಸಾಕ ತಂದಿಲ್ಲ."

ಪುತಳಿಯ ಮೇಲಿರುವುದು ರಾಮ-ಸೀತೆ ಎಂದೇ ಅವ್ವ ನಂಬಿದ್ದಳು. ಬಸ್ಸಿನಲ್ಲಿ ನಾನು ನಿಜ ಹೇಳಿದೆ: ನಿಂತವನು ಪರದೇಶದ ಸಂತ, ಅವನ ಮುಂದೆ ಮೊಣಕಾಲೂರಿದವನು ಆ ನಾಡಿನ ದೊರೆ. ಅವಳು ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ದೊರಿನೂ ಮೊಣಕಾಲ ಊರ‍್ಯಾನ?" ಎಂದು ಬಹಳ ಹೊತ್ತು ನಕ್ಕಳು.

ಮದುವೆಯ ದಿನ ಮೆರವಣಿಗೆಯನ್ನು ಹಿಂದಿನ ಓಣಿಯಿಂದ ಒಯ್ಯೋಣ, ಸುಮ್ಮನೆ ತಂಟೆ ಬೇಡ ಎಂದು ನಮ್ಮ ಕಾಕಾ ಹೇಳಿದರು. ಅವ್ವ ವಾಡೆಯ ದಾರಿಯನ್ನೇ ಹಿಡಿದಳು. ಬಾಗಿಲೆದುರು ಅವಳ ಕೈ ಕೊರಳಿಗೆ ಹೋಯಿತು. ಮುಚ್ಚಿಕೊಳ್ಳುತ್ತಾಳೆಂದೇ ಭಾವಿಸಿದೆ. ಅವಳು ದಾರವನ್ನು ತಲೆಯ ಮೇಲಿನಿಂದ ತೆಗೆದಳು.

ಎದುರಿನ ಕಟ್ಟೆಯಿಂದ ಹಿರಿಯರೊಬ್ಬರು ಕೆಣಕಿದರು: "ಏನಬೇ, ಇವತ್ತ ಭಾಳ ಮಿಂಚಾಕತ್ತೀಯಲ್ಲ?"

"ಬಂಗಾರ ಐತ್ರಿ, ಮಿಂಚತೈತಿ," ಎಂದ ಅವ್ವ ಮದುಮಗಳಾದ ಮೊಮ್ಮಗಳ ಕೊರಳಿಗೆ ದಾರ ಹಾಕಿ, ಎರಡೂ ನಾಣ್ಯಗಳನ್ನು ಸೆರಗಿನ ಮೇಲೆ ಎಳೆದು ಕೂರಿಸಿದಳು. "ಒಳಗ ಹಾಕ್ಕೋಬ್ಯಾಡ, ತಂಗಿ. ಸಾವಕಾಶ ನಡಿ."

ನಾವು ಸಾವಕಾಶವಾಗಿಯೇ ನಡೆದೆವು.