ತೌಡಿಗೆ ಕೊಂಡ ಮಗಳು

ದೊಡ್ಡಮ್ಮನ ಎರಡೂ ಕೈಗಳಲ್ಲಿ ಹಸಿರು ಗಾಜಿನ ಬಳೆಗಳು ತುಂಬಿರುತ್ತಿದ್ದವು. ಮಕ್ಕಳ ವಾರ್ಡಿನ ಬಾಗಿಲಿಗೆ ಬಂದ ಕೂಡಲೇ ಅವುಗಳನ್ನೆಲ್ಲ ಮೊಣಕೈವರೆಗೆ ಏರಿಸಿ ರಬ್ಬರ್ ಬ್ಯಾಂಡ್ ಹಾಕಿ ಬಿಗಿ ಮಾಡಿಕೊಳ್ಳುತ್ತಿದ್ದರು. ಮಲಗಿದ ಮಗು ಬಳೆಯ ಸದ್ದಿಗೆ ಏಳಬಾರದು ಎಂದು. ಸಂಜೆ ಹೊರಗೆ ಬಂದು ಬ್ಯಾಂಡ್ ಎಳೆದಾಗ ಬಳೆಗಳು ಒಟ್ಟಿಗೆ ಜಾರಿ ಮಣಿಕಟ್ಟಿಗೆ ಬೀಳುತ್ತಿದ್ದವು. ತೋಳಿನಲ್ಲಿ ಕೆಂಪು ಗೆರೆ ಉಳಿದಿರುತ್ತಿತ್ತು. ಅದನ್ನು ಉಜ್ಜಿಕೊಳ್ಳುತ್ತಾ, “ಇವತ್ಗೆ ನನ್ ಜೈಲು ಮುಗೀತು ಕಣವ್ವ” ಅನ್ನುತ್ತಿದ್ದರು.

ಅವರು ನನ್ನ ತಾಯಿಯ ಅಕ್ಕನಲ್ಲ. ನಮ್ಮ ಕುಲದವರೂ ಅಲ್ಲ. ಸಂತೆಬಾಚಹಳ್ಳಿ ಕಡೆಯ ಬಡಗಿಯವರ ಮನೆಯ ಹೆಣ್ಣುಮಗಳು, ನಾಗಮಂಗಲಕ್ಕೆ ಸೊಸೆಯಾಗಿ ಬಂದವರು. ನಾವು ಹೊಣಕೆರೆ ಹೋಬಳಿಯ ಒಕ್ಕಲು ಮಕ್ಕಳು. ನಾಗಮಂಗಲ ಪೇಟೆಯ ಆಸ್ಪತ್ರೆಯಲ್ಲಿದ್ದ ಮಕ್ಕಳ ವಾರ್ಡಿಗೆ ಮೈಸೂರಿನ ಒಂದು ಟ್ರಸ್ಟಿನವರು ನೆರವು ಕೊಡುತ್ತಿದ್ದರು. ಮಂಚ, ಆಕ್ಸಿಜನ್ ಯಂತ್ರ, ಹೊರಗಡೆ ಕೊಳ್ಳಬೇಕಾದ ಔಷಧಿ, ಮೈಸೂರಿಗೆ ಕಳಿಸಬೇಕಾದ ಮಕ್ಕಳ ಆಪರೇಷನ್ನಿಗೆ ಸರ್ಕಾರದ ಯೋಜನೆ ಸಾಲದೆ ಬಂದರೆ ಮಿಕ್ಕ ಖರ್ಚು, ಇವೆಲ್ಲ ಅವರವು. ಹಳ್ಳಿಯಿಂದ ಬಂದವರಿಗೆ ಇದನ್ನು ತಿಳಿಸಿ ಹೇಳಿ, ಜೊತೆಗಿದ್ದು ನೋಡಿಕೊಳ್ಳಲು ದೊಡ್ಡಮ್ಮನನ್ನು ಇಟ್ಟಿದ್ದರು. ನರ್ಸುಗಳೂ ಡಾಕ್ಟರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ.

ಮಕ್ಕಳನ್ನು ಅವರು “ಏನಾಗಿದೆ” ಎಂದು ಕೇಳಿದ್ದನ್ನು ನಾನು ನೋಡಿಲ್ಲ. “ನಿಮ್ಮನೆ ನಾಯಿ ಎಸ್ರೇನ್ಲಾ?” ಎಂದು ಶುರು ಮಾಡುತ್ತಿದ್ದರು. ನಾಯಿ ಇಲ್ಲ ಅಂದರೆ ಎಮ್ಮೆ, ಎಮ್ಮೆ ಇಲ್ಲ ಅಂದರೆ ಪಕ್ಕದ ಮನೆಯ ಕೋಳಿ. ಅಷ್ಟರಲ್ಲಿ ನರ್ಸು ಸೂಜಿ ಚುಚ್ಚಿ ಮುಗಿಸಿರುತ್ತಿದ್ದಳು. ಟ್ರಸ್ಟಿನವರು ವಾರ್ಡಿನ ಗೋಡೆಗೆ ಬಣ್ಣಬಣ್ಣದ ಚಿತ್ರ ಬರೆಸಿದ್ದರು. ಅದರಲ್ಲಿ ಒಂದು ಪೆಂಗ್ವಿನ್. ನಮ್ಮ ಕಡೆಯ ಮಕ್ಕಳು ಅದು ಏನೆಂದು ತಿಳಿಯದೆ ಹೆದರುತ್ತಿದ್ದವು. ದೊಡ್ಡಮ್ಮ ಅದಕ್ಕೆ ‘ಲಾಯರಪ್ಪ’ ಎಂದು ಹೆಸರಿಟ್ಟಿದ್ದರು. “ಔಷ್ದಿ ಕುಡೀಲಿಲ್ಲ ಅಂದ್ರೆ ಲಾಯರಪ್ಪ ಕೇಸ್ ಆಕ್ತನೆ ನೋಡು. ಕರಿ ಕೋಟು ಆಕ್ಕಂಡು ರೆಡಿ ಆಗವ್ನೆ” ಅಂದರೆ ಅಳುತ್ತಿದ್ದ ಮಗುವೂ ಕಿಸಕ್ಕನೆ ನಗುತ್ತಿತ್ತು.

ನನ್ನ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಅವಳು ಆಗತಾನೇ ಅಂಗನವಾಡಿಗೆ ಹೋಗತೊಡಗಿದ್ದಳು. ಜಗುಲಿ ಹತ್ತಿದರೂ ಏದುಸಿರು. ಮಳೆ ಹಿಡಿದರೆ ಸಾಕು, ಎದೆಯಲ್ಲಿ ಕಫ ಕಟ್ಟಿ ಮುಖ ಕಪ್ಪಿಡುತ್ತಿತ್ತು. ಹೃದಯದಲ್ಲಿ ತೂತಿದೆ ಎಂದು ಡಾಕ್ಟರು ಹೇಳಿದರು. ಮಳೆಗಾಲಕ್ಕೆ ಮುಂಚೆ ಮೈಸೂರಿನಲ್ಲಿ ಆಪರೇಷನ್ ಆಗಲೇಬೇಕು, ಇನ್ನೊಂದು ಮಳೆಗಾಲ ಈ ಎದೆ ತಡೆಯುವುದು ಕಷ್ಟ ಅಂದರು. ಸರ್ಕಾರದ ಯೋಜನೆಯಲ್ಲಿ ಸ್ವಲ್ಪ ಬರುತ್ತದೆ, ಉಳಿದದ್ದನ್ನು ಟ್ರಸ್ಟಿನವರು ಕೊಡುತ್ತಾರೆ ಎಂದೂ ಅಂದರು. ನನಗೆ ಹೋದ ಉಸಿರು ಬಂದಂತಾಯಿತು.

ಆದರೆ ನಮ್ಮ ಯಜಮಾನರು ಹೊರಗಿನ ಗೋಡೆಯ ಮುಂದೆ ನಿಂತುಬಿಟ್ಟಿದ್ದರು. ಟ್ರಸ್ಟಿನ ನೆರವು ಪಡೆದ ಮಕ್ಕಳ ಫೋಟೊಗಳನ್ನು ಅಲ್ಲಿ ಅಂಟಿಸಿದ್ದರು. ಬ್ಯಾನರಿನ ಮುಂದೆ ಮಗು, ಮಗುವಿನ ಹಿಂದೆ ಕೈಮುಗಿದ ಅಪ್ಪ ಅಮ್ಮ.

“ಯಾಕ್ಲಾ ಮಗ, ಗೋಡೆ ನೋಡ್ಕಂಡು ನಿಂತ್ಬುಟ್ಟೆ? ಸುಣ್ಣ ಬಳ್ಯಾಕೆ ಬಂದಿದ್ದೀಯಾ?” ಎಂದರು ದೊಡ್ಡಮ್ಮ.

“ಬ್ಯಾಡ ಕಣಮ್ಮ ನಮ್ಗೆ ಈ ದಾನ,” ಅಂದರು ಇವರು. “ಸರ್ಕಾರದ್ದು ಬೇರೆ, ಅದು ಎಲ್ರದೂವೆ. ಇದು ಅಂಗಲ್ಲ. ನಮ್ಮಪ್ಪನ ಕಾಲ್ದಿಂದ ಊರಿಗೆ ಅನ್ನ ಆಕಿರೋ ಮನೆ ನಮ್ದು. ಕಬ್ಬು ಕಟಾವಾಗ್ಲಿ, ನನ್ ಮಗೀಗೆ ನಾನೇ ಮಾಡಿಸ್ತೀನಿ.”

“ಕಬ್ಬು ಯಾವಾಗ ಕಟಾವು?”

“ಮಳೆಗಾಲ ಕಳೀಲಿ.”

“ಕಬ್ಬು ಕಾಯ್ತದೆ ಕಣ್ಲಾ. ಎದೆ ಕಾಯಾಕಿಲ್ಲ.”

“ನಾಳೆ ನನ್ ಮಗಳು ದೊಡ್ಡೋಳಾದ ಮೇಲೆ ಯಾರೋ ಬಂದು, ನಮ್ ಕಾಸಲ್ಲಿ ಬದ್ಕಿರೋಳು ನೀನು ಅನ್ನಬಾರ್ದು. ಅಷ್ಟೇಯ.”

ಹಟಕ್ಕೆ ಆಡಿದ ಮಾತಲ್ಲ ಅದು. ನಾನು ಜೊತೆಗೆ ಬಂದಿದ್ದ ಅತ್ತೆಯ ಮುಖ ನೋಡಿದೆ, ಅತ್ತೆ ನೆಲ ನೋಡಿದರು. ದೊಡ್ಡಮ್ಮ ಮಗಳ ಕೆನ್ನೆ ಸವರಿ ಮನೆಗೆ ಹೋದರು.

ಮಾರನೆಯ ದಿನ ಬೆಳಿಗ್ಗೆ ಅವರು ಬಂದಾಗ ಕಂಕುಳಲ್ಲಿ ಒಂದು ಮೊರ, ಕೈಯಲ್ಲಿ ತೌಡಿನ ಚೀಲ. ಮನೆಯ ಹಸುವಿಗೆ ಇಟ್ಟಿದ್ದ ತೌಡು. ವಾರ್ಡಿನ ಹೊರಗಿನ ಹೊಂಗೆ ಮರದ ಕೆಳಗೆ ಮೊರ ಇಟ್ಟು, ತೌಡು ಸುರಿದು, ಅಂಗೈಯಲ್ಲಿ ಹರಡಿ, “ಬಾರವ್ವ, ಕೂತ್ಕೊ” ಎಂದು ನನ್ನ ಮಗಳನ್ನು ಕರೆದರು.

ಅತ್ತೆಗೆ ಆ ಕ್ಷಣವೇ ತಿಳಿಯಿತು. ನಮ್ಮ ಕಡೆ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸು ಹುಟ್ಟಿದರೆ, ಅದನ್ನು ಮೊರದಲ್ಲಿ ಮಲಗಿಸಿ ಬೇರೆ ಮನೆಯವಳಿಗೆ ತೌಡಿಗೆ ಮಾರುವುದುಂಟು. ಕೊಂಡವಳು ಎತ್ತಿಕೊಂಡು, ಸಾಕಿಕೊಡು ಎಂದು ಮತ್ತೆ ಹೆತ್ತವಳ ಕೈಗೇ ಕೊಡುತ್ತಾಳೆ. ಅಲ್ಲಿಂದ ಕೂಸು ಹೆತ್ತ ಮನೆಯದಲ್ಲ, ಆ ಮನೆಯ ಕೇಡು ಅದಕ್ಕೆ ತಟ್ಟುವುದಿಲ್ಲ ಎಂದು ನಂಬಿಕೆ. ಮಗು ಗಟ್ಟಿಯಾದ ಮೇಲೆ ಒಂದು ದಿನ ಎಲೆ ಅಡಿಕೆ ಕೊಟ್ಟು ಬಿಡಿಸಿಕೊಳ್ಳುತ್ತಾರೆ. ತೌಡಯ್ಯ ಎಂಬ ಹೆಸರಿನವರು ಹಳಬರಲ್ಲಿ ಇನ್ನೂ ಇದ್ದಾರೆ. ಅತ್ತೆಯ ತಮ್ಮನೂ ಹಾಗೆ ಮಾರಿ ಉಳಿದ ಕೂಸೇ.

“ಇದು ಎಳೇ ಕೂಸಿಗಲ್ವಾ? ನಡ್ಯೋ ಮಗೀಗೆ ಎಲ್ಲಾರ ಉಂಟಾ?” ಅಂದರು ಅತ್ತೆ.

“ಸಾವಿಗೇನು ವಯಸ್ಸು ಗೊತ್ತಾಯ್ತದಾ ಅಕ್ಕ?” ಅಂದರು ದೊಡ್ಡಮ್ಮ.

ಮಗಳು ಮೊರದಲ್ಲಿ ಹಿಡಿಸಲಿಲ್ಲ. ಮಂಡಿ ಮೇಲೆ, ಕಾಲು ಹೊರಗೆ. ಇದೇನೋ ಆಟ ಎಂದುಕೊಂಡು ತೌಡನ್ನು ಬಾಚಿ ತಲೆಗೆ ಸುರಿದುಕೊಂಡಳು. ವಾರ್ಡಿನ ಕಿಟಕಿಯಿಂದ ನರ್ಸು, “ದೊಡ್ಡಮ್ಮಾ, ಆ ತೌಡು ಒಳಗೆ ಬಂದ್ರೆ ನಿಮ್ಮನ್ನೇ ಅಡ್ಮಿಟ್ ಮಾಡ್ತೀನಿ!” ಎಂದು ಕೂಗಿದಳು. ಸುತ್ತ ನಿಂತವರು ನಕ್ಕರು. ದೊಡ್ಡಮ್ಮ ನಗಲಿಲ್ಲ. ನಮ್ಮ ಯಜಮಾನರನ್ನೇ ನೋಡುತ್ತಾ ಕೇಳಿದರು, “ಮಾರ್ತೀಯೇನ್ಲಾ?”

ಇವರು ತಾಯಿಯ ಕಡೆ ತಿರುಗಿದರು. ಅತ್ತೆ ಹೂಂ ಎಂದು ತಲೆಯಾಡಿಸಿದರು. ಇವರು ಮೊರದ ಕಡೆ ನೋಡಿ, “ಮಾರ್ದೆ” ಎಂದರು.

ದೊಡ್ಡಮ್ಮ ಮಗಳನ್ನು ಎತ್ತಿ ಸೊಂಟದಲ್ಲಿ ಕೂರಿಸಿಕೊಂಡರು. ತೌಡು ಅವರ ಸೀರೆಯ ಮೇಲೆಲ್ಲ ಉದುರಿತು. “ಇನ್ನು ಇವ್ಳು ನನ್ ಮಗಳು. ನನ್ ಮಗೀಗೆ ಟ್ರಸ್ಟಿನೋರು ಮಾಡ್ತರೋ ಬುಡ್ತರೋ, ಅದು ನಂಗೂ ಅವ್ರಿಗೂ ಬುಟ್ಟಿದ್ದು. ನಡುವೆ ನೀನ್ಯಾರ್ಲಾ ಕೇಳಾಕೆ?”

ಯಜಮಾನರು ಮುಖ ಮರದ ಕಡೆಗೆ ತಿರುಗಿಸಿಕೊಂಡರು. ಆಸ್ಪತ್ರೆಯವರು ಅಪ್ಪನ ಸಹಿಯೇ ಬೇಕೆಂದಾಗ ಪೆನ್ನು ತೆಗೆದುಕೊಂಡು, “ನಿಮ್ ಮಗಳಿಗೆ ಅಂತ ಆಕ್ತಾ ಇವ್ನಿ” ಎಂದರು ದೊಡ್ಡಮ್ಮನಿಗೆ.

“ಆಕಪ್ಪ ದೇವ್ರು, ನಿಂಗೆ ಪುಣ್ಯ ಬತ್ತದೆ,” ಅಂದರು ಅವರು.

ಮೈಸೂರಿಗೆ ಹೋಗುವಾಗ ದೊಡ್ಡಮ್ಮನೂ ವ್ಯಾನಿನಲ್ಲಿ ಬಂದರು. ಪಾಂಡವಪುರ ದಾಟುವವರೆಗೆ ಮಗಳಿಗೆ ಅಂಗನವಾಡಿಯ ಹಾಡು ಹೇಳಿಸಿದರು. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಅವಳು ಹೊಳೆ ನೋಡಿ, “ಇದು ಯಾರ್ ಕೆರೆ?” ಎಂದಳು. “ನಮ್ದೇ ಕಣವ್ವ. ಒಸಿ ಅರಿಯಾಕೆ ಬುಟ್ಟಿವಿ” ಅಂದರು. ಅಷ್ಟು ಭಯದಲ್ಲೂ ನಾನು ನಕ್ಕೆ.

ಆಪರೇಷನ್ ಆಗುವಷ್ಟು ಹೊತ್ತೂ ಅವರು ನನ್ನ ಕೈ ಬಿಡಲಿಲ್ಲ. ಸಮಾಧಾನದ ಮಾತೇನೂ ಆಡಲಿಲ್ಲ. ಎದುರಿಗೆ ಕೂತವರ ಊರು, ಮನೆ, ಮಕ್ಕಳನ್ನು ವಿಚಾರಿಸಿಕೊಂಡರು. ಡಾಕ್ಟರು ಹೊರಗೆ ಬಂದು ಎಲ್ಲ ಸರಿಹೋಗಿದೆ ಎಂದ ಮೇಲೆ ಮಾತ್ರ ಬಚ್ಚಲಿಗೆ ಹೋಗಿ ಬಂದರು. ಕಣ್ಣು ಕೆಂಪಾಗಿತ್ತು. ಊರಿಗೆ ಮರಳುವ ದಿನ ಬಾಬುರಾಯನಕೊಪ್ಪಲಿನ ಹತ್ತಿರ ವ್ಯಾನು ನಿಲ್ಲಿಸಿ ಇಡ್ಲಿ ಕೊಡಿಸಿದರು. ಮಗಳು ಒಂದು ಚೂರೂ ಬಿಡದೆ ತಿಂದು ಎಲೆ ನೆಕ್ಕಿದಳು. “ಮಗ ಉಂಡ್ರೆ ಮನೆ ಸೇರ್ದಂಗೆ ಕಣವ್ವ. ಇನ್ನು ನೀನು ಅಳಬ್ಯಾಡ” ಎಂದರು. ನಾನು ಅಳುತ್ತಿರುವುದು ನನಗೇ ಗೊತ್ತಿರಲಿಲ್ಲ.

ಮುಂದಿನ ಸಲ ತೋರಿಸಲು ಹೋದಾಗ ಟ್ರಸ್ಟಿನವರು ಬ್ಯಾನರ್ ಹಿಡಿದು ಫೋಟೊಗೆ ಬಂದರು. ಯಜಮಾನರ ಮುಖ ಬಾಡಿತು. ದೊಡ್ಡಮ್ಮ ಮಗಳನ್ನು ಹಿಂದಕ್ಕೆ ಎಳೆದುಕೊಂಡು, “ನನ್ ಮಗಳ ಫೋಟೊ ನಾನು ಕೊಡಾಕಿಲ್ಲ ಬುದ್ಧಿ. ದೃಷ್ಟಿ ಆಯ್ತದೆ. ಬೇಕಿದ್ರೆ ನಂದು ತಕ್ಕಳಿ” ಎಂದು ಬ್ಯಾನರಿನ ಮುಂದೆ ತಾವೇ ನಿಂತರು. ಟ್ರಸ್ಟಿನ ಹಿರಿಯರು ನಕ್ಕು ಫೋಟೊ ತೆಗೆದರು. ಬಹಳ ವರ್ಷ ಆ ಗೋಡೆಯ ಮೇಲೆ ಅಷ್ಟು ಮಕ್ಕಳ ನಡುವೆ ದೊಡ್ಡಮ್ಮನದೂ ಒಂದು ಫೋಟೊ ಇತ್ತು.

ಆಮೇಲೂ ಅವರು ಮಗಳ ಮೇಲಿನ ಹಕ್ಕನ್ನು ಬಿಟ್ಟುಕೊಡಲಿಲ್ಲ. ಯುಗಾದಿಗೆ ಬಟ್ಟೆ ತರುತ್ತಿದ್ದರು. ನಮ್ಮ ಮನೆ ಜಗುಲಿಯಲ್ಲಿ ಕೂತು ಅವಳ ತಲೆಗೆ ಎಣ್ಣೆ ಹಚ್ಚುತ್ತಾ, “ಎಂಗೆ ಸಾಕ್ತಾ ಇದ್ದೀಯಾ ನೋಡು ನನ್ ಮಗೀನ, ಜಡೆ ಇಲಿ ಬಾಲ ಆಗೋಗದೆ” ಎಂದು ನನ್ನನ್ನು ಗದರುತ್ತಿದ್ದರು. ಲೆಕ್ಕದಲ್ಲಿ ಫೇಲಾಗಿದ್ದಕ್ಕೆ ನಾನು ಅವಳಿಗೆ ಬೈದರೆ, “ನನ್ ಮಗಳು, ಬೈದ್ರೆ ನಾನ್ ಬೈತೀನಿ, ನಿಂಗೇನು?” ಅನ್ನುತ್ತಿದ್ದರು. ಮಗಳು ಗಟ್ಟಿಯಾದಳಲ್ಲ, ಇನ್ನು ಬಿಡಿಸಿಕೊಳ್ಳೋಣ ಎಂದು ಅತ್ತೆ ಎಷ್ಟೋ ಸಲ ಎಲೆ ಅಡಿಕೆ ತೆಗೆದಿಟ್ಟರು. “ಇರ್ಲಿ ಬುಡಕ್ಕ, ಮದ್ವೆ ದಿನ ಬುಡಿಸ್ಕಳ್ಳಿ. ಅಲ್ಲೀಗಂಟ ನಂದೇಯ” ಎಂದು ದೊಡ್ಡಮ್ಮ ನಗಿಸಿ ಎದ್ದು ಹೋಗುತ್ತಿದ್ದರು.

ಈ ಸಂಕ್ರಾಂತಿ ಕಳೆದ ಮೇಲೆ ದೊಡ್ಡಮ್ಮ ತೀರಿಕೊಂಡರು. ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿದರಂತೆ. ಮಣ್ಣಿಗೆ ನಾನೂ ಯಜಮಾನರೂ ಹೋಗಿ ಬಂದೆವು. ಮಗಳಿಗೆ ಪರೀಕ್ಷೆ ಇತ್ತು. ಮರುದಿನ ಅವರ ಮಗ ಬೈಕಿನಲ್ಲಿ ನಮ್ಮೂರಿಗೆ ಬಂದರು. ಅವರೂ ಬಡಗಿ ಕೆಲಸದವರು, ಮಾತು ಕಡಿಮೆ. ಸೂತಕವೆಂದು ಒಳಗೆ ಬರಲಿಲ್ಲ, ನೀರೂ ಮುಟ್ಟಲಿಲ್ಲ.

“ನಾಳೆ ಆಲು ತುಪ್ಪ. ನನ್ ತಂಗೀನ ಕಳಿಸ್ಕೊಡಿ” ಎಂದರು. ಮೂರನೆಯ ದಿನ ಮಕ್ಕಳು ಸಮಾಧಿಗೆ ಹಾಲು ತುಪ್ಪ ಬಿಡುವ ಶಾಸ್ತ್ರ ಅದು.

ಅತ್ತೆ ಗಾಬರಿಯಾದರು. “ಬ್ಯಾಡ ಕಣಪ್ಪ. ಮಗ ಉಳೀಲಿ ಅಂತ ಮಾರಿದ್ದು. ನಾವು ಬುಡಿಸ್ಕಳ್ಳೋ ಮುಂಚೇನೇ ಅವ್ರು ಓಗ್ಬುಟ್ರು. ಈಗ ಮಗಳು ಅಂತ ಸಮಾಧಿ ಮೇಲೆ ಆಲು ಬುಟ್ರೆ, ನಮ್ ಮನೆಗೆ ಇನ್ನೆಂಗೆ ವಾಪಸ್ ಬಂದಾಳು? ಸತ್ತೋರ ಕಡೆ ಉಳ್ಕಂಡ್ಬುಡ್ತಾಳೆ. ವಾಸಿಯಾದ ಎದೆ ಅದು, ಬ್ಯಾಡ.” ಅತ್ತೆಯ ಭಯವನ್ನು ನಾನು ತಳ್ಳಿಹಾಕಲಾರೆ. ನನ್ನೊಳಗೂ ಅದು ಒಂದು ಕ್ಷಣ ಸುಳಿಯಿತು. ಮಗಳು ಬಾಗಿಲಲ್ಲಿ ನಿಂತು ಅಪ್ಪನನ್ನೇ ನೋಡುತ್ತಿದ್ದಳು.

ಯಜಮಾನರು ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಂಡಿದರು. “ಅವ್ವ, ಆವತ್ತು ಮಾರ್ದೆ ಅಂದೋನು ನಾನು. ಅವ್ರು ಆ ಮಾತ ನಿಜ ಅಂತ್ಲೇ ನಡ್ಸಿದ್ರು. ಈಗ ನಾವು, ಸುಮ್ಕೆ ಅಂದಿದ್ದು ಅನ್ನಾದಾ?” ಎಂದರು. ಆಮೇಲೆ ಮಗಳಿಗೆ, “ಓಗವ್ವ, ತಲೆಗೆ ಸ್ನಾನ ಮಾಡು. ಹೊತ್ತಾರೆ ಓಗಣ” ಎಂದರು.

ಬೆಳಿಗ್ಗೆ ನಾವು ಹೊರಡುವಾಗ ಅತ್ತೆ ಹಾಲಿನ ಚೊಂಬನ್ನು ತಾವೇ ತಂದು ಅವಳ ಕೈಗೆ ಕೊಟ್ಟರು.

ಮಣ್ಣು ಇನ್ನೂ ಹಸಿಯಾಗಿತ್ತು. ಅವರ ಮಗ ಮೊದಲು ಹಾಲು ಬಿಟ್ಟು, ಪಕ್ಕಕ್ಕೆ ಸರಿದು, ನನ್ನ ಮಗಳನ್ನು ಕರೆದರು. ಅವಳು ಚಪ್ಪಲಿ ಬಿಟ್ಟು ಹೋಗಿ ಬಗ್ಗಿ ಹಾಲು ಬಿಟ್ಟಳು, ತುಪ್ಪ ಬಿಟ್ಟಳು. ಹಣೆ ಮಣ್ಣಿಗೆ ಮುಟ್ಟಿಸಿ ಬಹಳ ಹೊತ್ತು ಏಳಲಿಲ್ಲ. ಸಂತೆಬಾಚಹಳ್ಳಿಯಿಂದ ಬಂದಿದ್ದ ನೆಂಟರ ಅಜ್ಜಿಯೊಬ್ಬರು ಕಣ್ಣು ಕಿರಿದು ಮಾಡಿ ಕೇಳಿದರು, “ಯಾರಪ್ಪ ಈ ಮಗ?”

“ಅವ್ರ ಮಗಳು” ಎಂದರು ನಮ್ಮ ಯಜಮಾನರು.

ಅಜ್ಜಿ ನನ್ನ ಕಡೆ ತಿರುಗಿ, “ನೀನ್ಯಾರವ್ವ?” ಎಂದರು. ಹೊಣಕೆರೆ ಕಡೆಯವಳು ಎಂದೆ. ಹೆತ್ತವಳು ನಾನು ಎಂದು ಅಲ್ಲಿ ಯಾರಿಗೂ ಹೇಳಲಿಲ್ಲ.