ಹತ್ತಕ್ಕೆ ಒಂಬತ್ತೂವರೆ

ಅಟ್ಲಾಂಟಾ ತಂಡದ ಎಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರನೊಬ್ಬನಿಗೆ ಮ್ಯಾಕ್ಸ್ ಕಾಂಟ್ರ್ಯಾಕ್ಟ್ ಕೊಡಬೇಕೇ ಬೇಡವೇ ಎಂದು ಆ ಬೇಸಿಗೆಯೆಲ್ಲ ಅಮೆರಿಕದ ಮಾರಿಸ್‌ವಿಲ್‌ನ ನಮ್ಮ ಮನೆಯಲ್ಲಿ ವಾದ ನಡೆದಿತ್ತು. ಮ್ಯಾಕ್ಸ್ ಎಂದರೆ ಲೀಗಿನ ನಿಯಮದಂತೆ ಅವನಿಗೆ ಕೊಡಬಹುದಾದ ಅತಿ ಹೆಚ್ಚಿನ ಸಂಬಳ. ಹದಿಮೂರು ವರ್ಷದ ಮಗಳು ಕೊಡಲೇಬೇಕು ಎನ್ನುತ್ತಿದ್ದಳು. ನಾನು ಸುತರಾಂ ಒಪ್ಪಲಿಲ್ಲ. ಮೈಸೂರಿನಲ್ಲಿ ಹತ್ತು ವರ್ಷ ಕನ್ನಡ ಪೇಪರ್ ತಿದ್ದಿದವಳು ನಾನು. ಭಾಷೆಗೆ ಪೂರ್ತಿ ಅಂಕ ಕೊಡುವ ರೂಢಿಯೇ ನಮ್ಮಲ್ಲಿರಲಿಲ್ಲ. ಕೊಟ್ಟರೆ ಮಕ್ಕಳಿಗೆ ಸೊಕ್ಕು ಬರುತ್ತದೆ ಎಂದು ನಂಬಿದ್ದೆವು.

“ಈ ವಯಸ್ಸಿಗೇ ಎಲ್ಲಾ ಕೊಟ್ಬಿಟ್ರೆ, ಆಮೇಲೆ ಅವನು ಯಾಕೆ ಬೆವರು ಸುರಿಸ್ತಾನೆ?” ಎಂದೆ.

ಮಗಳು ಒಳಗೆ ಹೋಗಿ, ಭಾನುವಾರದ ಕನ್ನಡ ತರಗತಿಯ ನೋಟ್‌ಬುಕ್ ತಂದು ಮುಂದಿಟ್ಟಳು. ಆ ತರಗತಿಗೂ ನಾನೇ ಟೀಚರ್. ಪುಟಪುಟದಲ್ಲೂ ಹತ್ತಕ್ಕೆ ಒಂಬತ್ತೂವರೆ.

“ಅಮ್ಮಾ, ಇದ್ರಲ್ಲಿ ಮಿಸ್ಟೇಕ್ ತೋರ್ಸು.”

ಕನ್ನಡಕ ಹಾಕಿಕೊಂಡು ಮೂರು ಪುಟ ಹುಡುಕಿದೆ. ಒತ್ತಕ್ಷರ, ದೀರ್ಘ ಎಲ್ಲವೂ ಸರಿಯಾಗಿದ್ದವು.

“ಸೋ, ಹಾಫ್ ಮಾರ್ಕ್ ಯಾಕೆ ಕಟ್ ಮಾಡ್ದೆ?”

“ಮುಂದಿನ ಸಲ ಇನ್ನೂ ಚೆನ್ನಾಗಿ ಬರೀಲಿ ಅಂತ.”

“ನಾನು ಇನ್ನೂ ಚೆನ್ನಾಗಿ ಬರ್ದೆ. ನೀನು ಮತ್ತೆ ನೈನ್ ಅಂಡ್ ಹಾಫೇ ಕೊಟ್ಟೆ.”

ಕೆಂಪು ಪೆನ್ನು ತರಲು ಎದ್ದೆ. ಅವಳು ನೋಟ್‌ಬುಕ್ ಮೇಲೆ ಕೈಯಿಟ್ಟು, “ಫಸ್ಟ್ ಅವನಿಗೆ ಮ್ಯಾಕ್ಸ್ ಕೊಡು,” ಎಂದಳು.

ಅಂದು ಇಬ್ಬರಿಗೂ ಪೂರ್ತಿ ಕೊಟ್ಟೆ. ಮಗಳಿಗೆ ಸೊಕ್ಕು ಬರಲಿಲ್ಲ. ಅವನ ಮೇಲೆ ಮಾತ್ರ ಇನ್ನೂ ಒಂದು ಕಣ್ಣಿಟ್ಟಿದ್ದೇನೆ.