ಆಯಮ್ಮನ ಅನುಮಾನ

ಆಯಮ್ಮನ ಹೆಬ್ಬೆರಳಿನ ತುದಿ ಫಿನಾಯಿಲಿಗೆ ಬೆಳ್ಳಗೆ ಸುಲಿದುಹೋಗಿತ್ತು. ಆ ಹೆಬ್ಬೆರಳಿನಿಂದಲೇ ಅವರು ವಾರ್ಡಿಗೆ ಬಂದ ಹೆಂಗಸರ ಕಣ್ಣಿನ ಕೆಳರೆಪ್ಪೆ ಎಳೆದು, ಮೈಯಲ್ಲಿ ರಕ್ತವಿದೆಯೇ ಎಂದು ನೋಡುತ್ತಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ ಅವರ ಕೆಲಸ ನೆಲ ಒರೆಸುವುದು, ಬಟ್ಟೆ ಬದಲಿಸುವುದು. ಆದರೆ ಯಾರ ಬಾಯಿಮಾತನ್ನೂ ನಂಬುವವರಲ್ಲ. ನರ್ಸು "ಕತ್ತರಿ, ಸೂಜಿ ಕುದಿಸಾಯ್ತು" ಎಂದರೂ ಪಾತ್ರೆಯ ಮುಚ್ಚಳ ಎತ್ತಿ ನೋಡುವರು.

ನನಗೂ ಆಗ ಯಾರ ಮೇಲೂ ನಂಬಿಕೆಯಿರಲಿಲ್ಲ. ಹಾರೋಹಳ್ಳಿಗೆ ಹೊಸ ಫ್ಯಾಕ್ಟರಿಗಳು ಬರುತ್ತಿದ್ದ ಕಾಲ. ಒಂದರಲ್ಲಿ ಪ್ಯಾಕಿಂಗ್ ಮಾಡುತ್ತಿದ್ದೆ. ಮಗಳಿಗೆ ಎಂಟು ತಿಂಗಳು, ಅಷ್ಟರಲ್ಲಿ ಮತ್ತೆ ಬಸುರಾದೆ. ಈಗಲೇ ಇನ್ನೊಂದು ಬೇಡವೆಂದು ಗಂಡ ಹೆಂಡತಿ ಮಾತಾಡಿಕೊಂಡೆವು. "ಆಸ್ಪತ್ರೇಲಿ ತೆಗ್ಸೋಕೆ ಹೋದೋರು ವಾಪಸ್ ಬರಕಿಲ್ಲ" ಎಂದು ಪಕ್ಕದ ಮನೆಯವಳು ಹೆದರಿಸಿದಳು. ಯಜಮಾನರು ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ಮಾತ್ರೆ ತಂದರು. ನುಂಗಿದೆ. ಒಂಬತ್ತು ದಿನವಾದರೂ ರಕ್ತ ನಿಲ್ಲಲಿಲ್ಲ. ಚಳಿಜ್ವರ ಹತ್ತಿದ ಮೇಲೆ ಬಸ್ಸು ಹಿಡಿದು ಆಸ್ಪತ್ರೆಗೆ ಬಂದೆವು.

"ಬರೀ ತಲೆಸುತ್ತು" ಎಂದೆ. ಆಯಮ್ಮ ನನ್ನ ರೆಪ್ಪೆ ಎಳೆದು ನೋಡಿದರು.

"ಯಾವ ಅಂಗಡೀಲಿ ತಗಂಡೆ?"

"ಏನನ್ನ?"

"ಮಾತ್ರೆನ ಕಣವ್ವ. ತಲೆಸುತ್ತು ಅಂದ್ರೆ ಡಾಕ್ಟ್ರಮ್ಮ ತಲೆಸುತ್ತಿಗೇ ಔಷ್ದಿ ಕೊಡ್ತಾರೆ. ನೀನು ಸಾಯ್ತೀಯ."

ಪೊಲೀಸರಿಗೆ ಹಿಡಿದುಕೊಡುತ್ತಾರೇನೋ ಎಂದು ನಾನು ಗೋಡೆಯ ಕಡೆ ಮುಖ ಮಾಡಿದೆ. ಅವರು ಯಜಮಾನರತ್ತ ತಿರುಗಿದರು. "ಜೇಬಲ್ಲೇನೈತೆ, ತೆಗಿಯಪ್ಪ." ಮಾತ್ರೆಯ ಖಾಲಿ ಪಟ್ಟಿ ಈಚೆ ಬಂತು. ಅದನ್ನು ಹಿಡಿದು ಸೀದಾ ಡಾಕ್ಟರ ಕೋಣೆಗೆ ಹೋದರು.

ಒಳಗೆ ಇನ್ನೂ ಉಳಿದಿದೆ, ನಂಜಾಗಿದೆ, ಈಗಲೇ ತೆಗೆಯಬೇಕು ಎಂದರು ಡಾಕ್ಟರಮ್ಮ. ಸಹಿಗೆ ಕಾಗದ ಬಂತು.

"ಸತ್ರೆ ಯಾರೂ ಕೇಳ್ಬಾರ್ದು ಅಂತ ಬರಸ್ಕತಿದ್ದೀರಾ?" ಎಂದೆ.

"ಅನುಮಾನ ಪಡು, ತಪ್ಪಿಲ್ಲ" ಎಂದರು ಆಯಮ್ಮ. "ಆದ್ರೆ ಕದ್ದು ಮಾಡೋನು ಯಾವತ್ತಾದ್ರೂ ಸೈನ್ ಕೇಳ್ತಾನಾ? ಇದಕ್ಕೆ ಕಾನೂನೇ ಐತೆ. ಮೊದ್ಲೇ ಇಲ್ಲಿಗೆ ಬಂದಿದ್ರೆ ಒಸಿ ಹೊತ್ತಿನ ಕೆಲ್ಸ. ಮುಚ್ಚಿಟ್ಕಂಡು ಕೂತೆ ನೋಡು, ಪ್ರಾಣಕ್ಕೆ ಬಂದಿದ್ದು ಅದ್ರಿಂದ."

ಯಜಮಾನರು ಪೆನ್ನಿಗೆ ಕೈ ಚಾಚಿದರು. "ನಿಂದು ಬೇಡಪ್ಪ, ಅವಳದೇ ಸಾಕು" ಎಂದು ಆಯಮ್ಮ ಪೆನ್ನನ್ನು ನನಗೆ ಕೊಟ್ಟರು.

ಎಲ್ಲ ಮುಗಿದು, ಅಪಾಯವಿಲ್ಲವೆಂದು ಡಾಕ್ಟರಮ್ಮ ಹೇಳಿ ಹೋದ ಮೇಲೂ ಆಯಮ್ಮ ಹೊದಿಕೆ ಎತ್ತಿ ಎತ್ತಿ ನೋಡುತ್ತಿದ್ದರು.

"ನೀವ್ಯಾಕೆ ಯಾರನ್ನೂ ನಂಬಲ್ಲ?" ಎಂದು ಕೇಳಿದೆ.

"ನನ್ ತಂಗಿ 'ಏನಿಲ್ಲಕ್ಕ, ಹೊಟ್ಟೆನೋವು' ಅಂದ್ಲು. ನಂಬ್ಬುಟ್ಟೆ."

ಮತ್ತೊಮ್ಮೆ ಹೊದಿಕೆ ಎತ್ತಿ ನೋಡಿದರು.

ಅವರು ರಿಟೈರಾಗಿ ಎರಡು ವರ್ಷಕ್ಕೆ ತೀರಿಕೊಂಡರು. ತಿಥಿಗೆ ಚನ್ನಪಟ್ಟಣದ ಹತ್ತಿರ ಅವರ ಊರಿಗೆ ಹೋದೆ. ಅಂಗಳದಲ್ಲಿ, ಜಗಲಿಯ ಮೇಲೆ ನೆಂಟರಲ್ಲದ ಹೆಂಗಸರು ಬಹಳ ಜನ ಸೇರಿದ್ದರು, ಬುರ್ಖಾದವರೂ ಇದ್ದರು. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿರಲಿಲ್ಲ. ಆಯಮ್ಮನ ಮಗ ಒಬ್ಬೊಬ್ಬರ ಹತ್ತಿರವೂ ಬಂದು ಕೇಳುತ್ತಿದ್ದ: "ಅವ್ವಂಗೆ ನೀವು ಹೆಂಗೆ ಪರಿಚಯ?"

"ಆಸ್ಪತ್ರೇಲಿ" ಎಂದಳು ನನ್ನ ಪಕ್ಕದಲ್ಲಿ ಜಗಲಿಯ ಮೇಲೆ ಕೂತಿದ್ದವಳು.

"ಆಸ್ಪತ್ರೇಲಿ" ಎಂದೆ ನಾನೂ.

ಆಗ ಆಕೆ ಮೊದಲ ಸಲ ತಿರುಗಿ ನನ್ನನ್ನು ನೋಡಿ, ಜಗಲಿಯ ಮೇಲೆ ಒಸಿ ಸರಿದು ಜಾಗ ಕೊಟ್ಟಳು.